ಮೊಳ ಯಾರದ್ದು?

ಮೌಂಟನ್ ಬೈಕ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕೇಳುವುದು ಎತ್ತರವನ್ನು. ಐದಡಿ ಒಂದಿಂಚಿನವರ ಮುಂದೆ ಸ್ಮಾಲ್ ಫ್ರೇಮ್ ತಂದು ನಿಲ್ಲಿಸುತ್ತಾರೆ, ಐದಡಿ ಎಂಟಿಂಚಿನವರಿಗೆ ಮೀಡಿಯಂ, ಆರಡಿಯವರಿಗೆ ಲಾರ್ಜ್. ಸೀಟನ್ನು ಏರಿಸಿ ಇಳಿಸಿ, ಕಾಲು ನೆಲಕ್ಕೆ ತಾಗುತ್ತದೆಯೇ ಎಂದು ನೋಡಿ, ಸರಿಯಿದೆ ಎಂದು ಬಿಲ್ ಬರೆಯುತ್ತಾರೆ. ಕೈಗಳ ವಿಷಯ ಯಾರೂ ಎತ್ತುವುದಿಲ್ಲ. ಫ್ರೇಮಿಗೆ ಮೂರು ನಾಲ್ಕು ಅಳತೆ ಇರುವ ಅದೇ ಸೈಕಲ್ಲಿಗೆ ಹ್ಯಾಂಡಲ್ ಮಾತ್ರ ಹಲವು ಮಾಡೆಲ್‌ಗಳಲ್ಲಿ ಒಂದೇ ಅಗಲದ್ದು: 780 ಮಿಲಿಮೀಟರ್, ಇಲ್ಲವೇ 800. ಸಣ್ಣ ಫ್ರೇಮಿಗೆ 20 ಮಿಲಿಮೀಟರ್ ಕಡಿಮೆ ಮಾಡಿ ಕೊಡುವ ಕಂಪನಿಗಳೂ ಇವೆ. ಆದರೆ ಒಬ್ಬರಿಗಿಂತ ಒಬ್ಬರು ಒಂದಡಿ ಎತ್ತರ ಇರುವ ಇಬ್ಬರ ತೋಳು, ಭುಜಗಳ ವ್ಯತ್ಯಾಸ 20 ಮಿಲಿಮೀಟರಿಗೆ ಮುಗಿಯುವುದಿಲ್ಲ.

ಇದೇನು ಮಹಾ ವಿಷಯ ಅನ್ನಿಸಬಹುದು. ಒಂದು ಕೊಳವೆ, ಎರಡು ಗ್ರಿಪ್ಪು. ಆದರೆ ಸವಾರರ ಮೈ ಸೈಕಲ್ಲಿಗೆ ತಾಗುವುದು ಸೀಟು, ಪೆಡಲ್, ಗ್ರಿಪ್ ಈ ಮೂರು ಕಡೆ ಮಾತ್ರ. ಕಲ್ಲಿನ ಇಳಿಜಾರಿನಲ್ಲಿ ಎದ್ದು ನಿಂತಾಗ ಸೀಟೂ ಲೆಕ್ಕಕ್ಕಿಲ್ಲ. ಆಗ ಮುಂದಿನ ಚಕ್ರ ಎತ್ತ ಹೋಗಬೇಕು, ಎಷ್ಟು ನಿಧಾನವಾಗಬೇಕು ಎಂಬ ಎರಡೂ ತೀರ್ಮಾನ ಎರಡು ಅಂಗೈಗಳ ಮೂಲಕವೇ ಆಗಬೇಕು. ಅಂಗೈಗಳು ತಪ್ಪು ಜಾಗದಲ್ಲಿದ್ದರೆ ಭುಜ ನೋಯುತ್ತದೆ, ತಿರುವು ತಪ್ಪುತ್ತದೆ. ಕೆಲವರು ಸೈಕಲ್ಲನ್ನೇ ಬಿಡುತ್ತಾರೆ. ಬಿಟ್ಟವರಲ್ಲಿ ಬಹಳ ಮಂದಿ ದೂರುವುದು ತಮ್ಮ ಮೈಯನ್ನು, ಕೊಳವೆಯನ್ನಲ್ಲ.

ಹುಬ್ಬಳ್ಳಿಯಿಂದ ಬಂದು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬಳ ಕಥೆ ಹೆಚ್ಚು ಕಡಿಮೆ ಅಲ್ಲಿಯವರೆಗೆ ಹೋಗಿತ್ತು. ಆಕೆಯ ಎತ್ತರ 154 ಸೆಂಟಿಮೀಟರ್. ಸೈಕಲ್ಲಿನ ಫ್ರೇಮ್ ಸ್ಮಾಲ್, ಹ್ಯಾಂಡಲ್ 780. ವಾರದಲ್ಲಿ ಮೂರು ದಿನ ಆಫೀಸಿಗೆ, ಭಾನುವಾರ ಬೆಳಿಗ್ಗೆ ಗುಂಪಿನ ಜೊತೆ ಊರ ಸುತ್ತಲಿನ ಟೇಕಡಿಗಳಿಗೆ. ಅಲ್ಲಿಯದು ದಖನ್ನಿನ ಕಪ್ಪು ಕಲ್ಲು. ಬೇಸಿಗೆಯಲ್ಲಿ ಕಾಲಡಿ ಉರುಳುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಆಕೆಗೆ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ ಉರಿ ಶುರುವಾಗುತ್ತಿತ್ತು. ಕಿರುಬೆರಳು ಜೋಮು ಹಿಡಿಯುತ್ತಿತ್ತು. ಬಲಕ್ಕೆ ಕಡಿದಾದ ತಿರುವು ಬಂದರೆ ಎಡಗೈ ಮುಂದಕ್ಕೆ ಹೋಗಿ ಹೋಗಿ ಮೊಣಕೈ ನೆಟ್ಟಗಾಗಿ, ಹೆಗಲೇ ಹ್ಯಾಂಡಲ್ಲಿನ ಹಿಂದೆ ಎಳೆದುಕೊಂಡು ಹೋದಂತಾಗುತ್ತಿತ್ತು. ಅಂಥ ತಿರುವುಗಳಲ್ಲಿ ಇಳಿದು ಸೈಕಲ್ ತಳ್ಳುವುದು ರೂಢಿಯಾಯಿತು.

ಗುಂಪಿನವರು ಒಳ್ಳೆಯವರೇ. ಅಭ್ಯಾಸ ಆಗುತ್ತದೆ ಎಂದರು. ಜಿಮ್ಮಿಗೆ ಸೇರು ಎಂದರು, ದಂಡೆ ಹೊಡೆ ಎಂದರು. ಹ್ಯಾಂಡಲ್ ದೊಡ್ಡದಾಯಿತೇನೋ ಎಂದು ಆಕೆ ಒಮ್ಮೆ ಕೇಳಿದಾಗ, ಈಗ ಎಲ್ಲರದ್ದೂ ಇಷ್ಟೇ, ಅಗಲ ಇದ್ದಷ್ಟೂ ಒಳ್ಳೆಯದು ಎಂಬ ಉತ್ತರ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕನ್ನಡ ಮನೆಯಲ್ಲಿ ಬೆಳೆದ ಹುಡುಗಿಗೆ ಆ ಗಾದೆ ಒಳಗಿನಿಂದಲೇ ಕೇಳಿಸುತ್ತದೆ. ಆ ಗಾದೆಯಲ್ಲಿ ಕುಣಿಯಲಾರದ್ದು ಹೆಂಗಸು. ಸುತ್ತ ನಿಂತವರಲ್ಲಿ ಒಬ್ಬರಾದರೂ ಬಗ್ಗಿ ನೆಲವನ್ನು ನೋಡಿದರೇ ಎಂಬುದು ಗಾದೆಯಲ್ಲಿ ಇಲ್ಲ.

ಅಗಲ ಇದ್ದಷ್ಟೂ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ. ಮೌಂಟನ್ ಬೈಕಿನ ಇತಿಹಾಸದಲ್ಲಿ ಹ್ಯಾಂಡಲ್ ಒಮ್ಮೆ ಅಗಲವಾಗಿ, ಮತ್ತೆ ಕಿರಿದಾಗಿ, ಮತ್ತೆ ಅಗಲವಾಗಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಟಮಾಲ್ಪೈಸ್ ಬೆಟ್ಟದ ಸುತ್ತಮುತ್ತ, ಕೆಲವು ಯುವಕರು ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಮಣ್ಣಿನ ಇಳಿಜಾರಿನಲ್ಲಿ ಬಿಡತೊಡಗಿದರು. 1976ರಲ್ಲಿ ಅಲ್ಲಿ ರೀಪ್ಯಾಕ್ ಎಂಬ ಸ್ಪರ್ಧೆ ಶುರುವಾಯಿತು. ಇಳಿದು ಮುಗಿಸುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಹೆಸರು. ಆ ಸೈಕಲ್ಲುಗಳಿಗೆ ಮೋಟರ್‌ಸೈಕಲ್ ಮಾದರಿಯ ಅಗಲ ಹ್ಯಾಂಡಲ್, ಮೋಟರ್‌ಸೈಕಲ್ಲಿನದೇ ಬ್ರೇಕ್ ಲಿವರ್. ಜೋ ಬ್ರೀಜ್, ಟಾಮ್ ರಿಚಿ, ಗ್ಯಾರಿ ಫಿಶರ್, ಚಾರ್ಲಿ ಕೆಲಿ ಮೊದಲಾದವರ ಹೆಸರು ಬರುವುದು ಅಲ್ಲಿಂದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ ಇಂಥ ಸೈಕಲ್ ಅಂಗಡಿಯಲ್ಲಿ ಸಿಗುವ ಸರಕಾಯಿತು.

ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1990ರಲ್ಲಿ, ಕೊಲರಾಡೋದ ಡುರಾಂಗೋದಲ್ಲಿ. ಆ ಹೊತ್ತಿಗೆ ಸ್ಪರ್ಧೆಯ ಲೋಕ ರೋಡ್ ಸೈಕಲ್ಲಿನ ಕಡೆ ವಾಲಿತ್ತು. ಆ ವರ್ಷ ಜಾನ್ ಟೊಮ್ಯಾಕ್ ತನ್ನ ಮೌಂಟನ್ ಬೈಕಿಗೆ ರೋಡ್ ಸೈಕಲ್ಲಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲನ್ನೇ ಹಾಕಿಕೊಂಡು ಸ್ಪರ್ಧಿಸಿದ. ಉಳಿದವರ ಹ್ಯಾಂಡಲ್ ನೇರವಾಗಿದ್ದರೂ ಅಗಲ 560, 580 ಮಿಲಿಮೀಟರ್; ಅದನ್ನು ಹಿಡಿಯುವ ಸ್ಟೆಮ್ ಮಾತ್ರ 130 ಮಿಲಿಮೀಟರಿನಷ್ಟು ಉದ್ದ. ಏರುವಾಗ ಮುಂದಿನ ಚಕ್ರ ಎದ್ದೇಳದಂತೆ ಮೈ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಮರಗಳ ನಡುವೆ ಸುಲಭವಾಗಿ ನುಸುಳಬಹುದಿತ್ತು. ಇಳಿಯುವಾಗ ಮಾತ್ರ ತಲೆ ಚಕ್ರಕ್ಕಿಂತ ಮೊದಲು ಹೋಗುತ್ತಿದೆಯೇನೋ ಎನ್ನುವಂಥ ಕೂರುವಿಕೆ.

ಮುಂದೆ ಫ್ರೇಮುಗಳು ಉದ್ದವಾದವು, ಸ್ಟೆಮ್ಮುಗಳು ಮೊಟಕಾದವು. ಮುಂದಿನ ಫೋರ್ಕ್ ಇನ್ನಷ್ಟು ಮುಂದಕ್ಕೆ ಒರಗಿತು. ಚಕ್ರ 26 ಇಂಚಿನಿಂದ 29 ಇಂಚಿಗೆ ಬೆಳೆಯಿತು. ದೊಡ್ಡ ಚಕ್ರ, ಒರಗಿದ ಫೋರ್ಕ್ ಎರಡೂ ನೇರ ಇಳಿಜಾರಿನಲ್ಲಿ ಸ್ಥಿರ, ನಿಧಾನದ ತಿರುವಿನಲ್ಲಿ ಭಾರ. ಆ ಭಾರವನ್ನು ತಿರುಗಿಸಲು ಉದ್ದ ಸನ್ನೆ ಬೇಕು. ಹ್ಯಾಂಡಲ್ 680ಕ್ಕೆ, 720ಕ್ಕೆ, 760ಕ್ಕೆ ಹೋಗಿ, ಈಗ 800ಕ್ಕೆ ಬಂದು ನಿಂತಿದೆ. ಅಂದರೆ ಈ ಅಗಲ ಬರಿಯ ಫ್ಯಾಶನ್ ಅಲ್ಲ. ಸೈಕಲ್ಲಿನ ಉಳಿದ ಭಾಗಗಳು ಬದಲಾದದ್ದಕ್ಕೆ ಕೊಟ್ಟ ಉತ್ತರ.

ಭಾರದ ಕಲ್ಲು ಎತ್ತುವಾಗ ಹಾರೆಯನ್ನು ತುದಿಯಲ್ಲಿ ಹಿಡಿಯುವವರಿಗೆ ಇದರ ಲೆಕ್ಕ ಗೊತ್ತು. 800 ಮಿಲಿಮೀಟರಿನ ಹ್ಯಾಂಡಲ್ಲಿನಲ್ಲಿ ನಡುವಿನಿಂದ ತುದಿಗೆ 400 ಮಿಲಿಮೀಟರ್, 680ರದ್ದರಲ್ಲಿ 340. ಚಕ್ರಕ್ಕೆ ಕಲ್ಲೊಂದು ಬಡಿದು ಪಕ್ಕಕ್ಕೆ ತಳ್ಳಿದಾಗ, ಅದೇ ಏಟನ್ನು ತಡೆಯಲು ಕಿರಿದಾದ ಹ್ಯಾಂಡಲ್ಲಿನ ತುದಿಯಲ್ಲಿ ಸುಮಾರು 18% ಹೆಚ್ಚು ಬಲ ಹಾಕಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ಕೈ 20 ಮಿಲಿಮೀಟರ್ ಸರಿದಾಗ ಅಗಲವಾದದ್ದು 2.9 ಡಿಗ್ರಿ ತಿರುಗುತ್ತದೆ, ಕಿರಿದಾದದ್ದು 3.4 ಡಿಗ್ರಿ. ಅಗಲವಾದದ್ದು ಸಾವಧಾನಿ, ಕಿರಿದಾದದ್ದು ಚುರುಕು. ವೇಗದ ಇಳಿಜಾರಿನಲ್ಲಿ ಸಾವಧಾನ ಬೇಕು. ಗಿಡಗಂಟಿಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಚುರುಕು ಬೇಕು.

ಆದರೆ ಈ ಲೆಕ್ಕ ಇಡೀ ಕಥೆಯಲ್ಲ. ಹಾರೆಯ ತುದಿ ಕೈಗೆ ಎಟುಕಿದರೆ ತಾನೇ ಸನ್ನೆ? ಕೈಗಳು ಭುಜಕ್ಕಿಂತ ಸ್ವಲ್ಪ ಹೊರಗೆ, ಮೊಣಕೈ ಮಡಚಿ ಹೊರಕ್ಕೆ ತಿರುಗಿದ್ದಾಗ ತೋಳು, ಎದೆ, ಬೆನ್ನು ಮೂರೂ ಒಟ್ಟಿಗೆ ದುಡಿಯುತ್ತವೆ. ಅದಕ್ಕಿಂತ ಬಹಳ ಆಚೆಗೆ ಹೋದರೆ ಮೊಣಕೈ ನೆಟ್ಟಗಾಗುತ್ತದೆ. ನೆಟ್ಟಗಾದ ತೋಳು ಏಟನ್ನು ನುಂಗುವುದಿಲ್ಲ, ಹಾಗೆಯೇ ಹೆಗಲಿಗೆ ದಾಟಿಸುತ್ತದೆ. ತಿರುವಿನಲ್ಲಿ ಹೊರಗಿನ ಕೈ ಮುಂದೆ ಹೋಗಬೇಕು. ಹೋಗಲು ತೋಳಿನಲ್ಲಿ ಉದ್ದ ಉಳಿದಿರುವುದಿಲ್ಲ. ಹುಬ್ಬಳ್ಳಿಯವಳು ಬಲತಿರುವುಗಳಲ್ಲಿ ಸೈಕಲ್ಲಿನಿಂದ ಇಳಿಯುತ್ತಿದ್ದದ್ದು ಇದೇ ಕಾರಣಕ್ಕೆ. ಆಕೆಗೆ ಆ ಸನ್ನೆಯಿಂದ ಲಾಭವೇ ಸಿಗುತ್ತಿರಲಿಲ್ಲ. ಆರಡಿಯವರಿಗೆ 780 ಒಂದು ಉಪಕರಣ. 154 ಸೆಂಟಿಮೀಟರಿನವರಿಗೆ ಅದೇ 780 ಒಂದು ಅಡ್ಡಗೋಲು.

ಹೂವು ಕೊಳ್ಳುವವರಿಗೆ ಇದು ಹೊಸ ವಿಷಯವಲ್ಲ. ಮಾಟುಂಗದಲ್ಲಿರಲಿ, ಮೈಲಾಪುರದಲ್ಲಿರಲಿ, ಮಲ್ಲಿಗೆ ಅಳೆಯುವುದು ಮೊಳದಲ್ಲಿ. ಕನ್ನಡದ ಮೊಳ, ತಮಿಳಿನ ಮುಳಂ, ತೆಲುಗಿನ ಮೂರ, ಎಲ್ಲವೂ ಮೊಣಕೈಯಿಂದ ಬೆರಳ ತುದಿಯವರೆಗಿನ ದೂರ. ಆದರೆ ಯಾರ ಮೊಣಕೈ? ಮಾರುವವಳದು. ಅವಳು ಕುಳ್ಳಿಯಾದರೆ ಕೊಳ್ಳುವವರಿಗೆ ನಾಲ್ಕು ಮೊಗ್ಗು ಕಡಿಮೆ. ಅಂಗುಲ, ಗೇಣು, ಮೊಳ, ಮಾರು ಎಲ್ಲವೂ ಮೈಯಿಂದ ಹುಟ್ಟಿದ ಅಳತೆಗಳು. ಮೈಯಿಂದ ಮೈಗೆ ಬದಲಾಗುತ್ತವೆ ಎಂಬುದೇ ವ್ಯಾಪಾರದಲ್ಲಿ ಅವುಗಳ ದೋಷ. ಬಟ್ಟೆಗೆ ಮೀಟರು ಬಂದದ್ದು ಈ ಜಗಳ ತಪ್ಪಿಸಲು, ಮತ್ತು ಬಂದದ್ದು ಒಳ್ಳೆಯದೇ ಆಯಿತು.

ಕೈಯಲ್ಲಿ ಹಿಡಿದು ದುಡಿಯುವ ವಸ್ತುವಿನ ವಿಷಯ ಹಾಗಲ್ಲ. ಅಲ್ಲಿ ಬೇಕಾಗಿರುವುದು ಬಳಸುವವರ ಮೊಳ. ಗುದ್ದಲಿಗೆ ಕಾವು ಹಾಕುವ ಬಡಿಗ ಯಾರಿಗೆ ಎಂದು ಕೇಳಿದರೆ ಅದು ಕುಶಲೋಪರಿಯಲ್ಲ; ಹಿಡಿಯುವವರ ಎತ್ತರ ಗೊತ್ತಾಗಬೇಕು. ಕಾರ್ಖಾನೆಯಿಂದ ಹೊರಬರುವ ವಸ್ತುವಿಗೆ ಯಾರಿಗೆ ಎಂಬುದು ಗೊತ್ತಿರುವುದಿಲ್ಲ. ಅದು ಒಂದು ಮೈಯನ್ನು ಊಹಿಸಿಕೊಳ್ಳುತ್ತದೆ. 800 ಎಂಬ ಸಂಖ್ಯೆ ಮೀಟರಿನ ಭಾಷೆಯಲ್ಲಿ ಇರುವುದರಿಂದ ಎಲ್ಲರಿಗೂ ಸಮಾನ ಎನ್ನುವಂತೆ ಕಾಣುತ್ತದೆ. ಅದರ ಹಿಂದೆ ಇರುವುದೂ ಒಬ್ಬರ ಮೊಳವೇ. ಎತ್ತರದವರೊಬ್ಬರ ಮೊಳ.

ಹಾಗಾದರೆ ತನ್ನ ಮೊಳವನ್ನು ಕಂಡುಕೊಳ್ಳುವುದು ಹೇಗೆ? ಸವಾರರ ನಡುವೆ ಒಂದು ಅಂದಾಜು ಬಳಕೆಯಲ್ಲಿದೆ: ಸೆಂಟಿಮೀಟರಿನಲ್ಲಿರುವ ಎತ್ತರವನ್ನು 4.4ರಿಂದ ಗುಣಿಸಿದರೆ ಬರುವುದು ಹ್ಯಾಂಡಲ್ಲಿನ ಅಗಲ, ಮಿಲಿಮೀಟರಿನಲ್ಲಿ. 183 ಸೆಂಟಿಮೀಟರಿಗೆ 805, 170ಕ್ಕೆ 748, 154ಕ್ಕೆ 678. ಇನ್ನೊಂದು ವಿಧಾನಕ್ಕೆ ಲೆಕ್ಕವೂ ಬೇಡ. ನೆಲದ ಮೇಲೆ ಬೋರಲಾಗಿ ಮಲಗಿ, ಕಣ್ಣು ಮುಚ್ಚಿ, ಯೋಚಿಸದೆ ದಂಡೆಗೆ ಕೈ ಊರಬೇಕು. ನಾಲ್ಕು ಸಲ ಮೇಲೆದ್ದು ಇಳಿದು, ಕೈಗಳನ್ನು ಎಲ್ಲಿಟ್ಟರೆ ಬಲ ಸರಾಗವಾಗಿ ಬರುತ್ತದೋ ಅಲ್ಲಿ ನಿಲ್ಲಿಸಬೇಕು. ಅಂಗೈಗಳ ಹೊರ ಅಂಚಿನಿಂದ ಹೊರ ಅಂಚಿಗೆ ಇನ್ನೊಬ್ಬರು ಟೇಪು ಹಿಡಿದು ಅಳೆಯಬೇಕು. ಹುಬ್ಬಳ್ಳಿಯವಳ ರೂಮ್‌ಮೇಟ್ ಅಳೆದಾಗ ಬಂದದ್ದು 700.

ಈ ಎರಡೂ ಆರಂಭದ ಸಂಖ್ಯೆಗಳಷ್ಟೆ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಭುಜ ಅಗಲ, ಇನ್ನೊಬ್ಬರ ತೋಳು ಉದ್ದ. ಒಬ್ಬರು ಬೆಟ್ಟದಿಂದ ಇಳಿಯುವುದಕ್ಕಾಗಿಯೇ ಏರುವವರು. ಇನ್ನೊಬ್ಬರು ವಾರವಿಡೀ ಆಟೋಗಳ ನಡುವೆ ನುಸುಳಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸೈಕಲ್ ಎತ್ತಿ ನಿಲ್ಲಿಸಿ, ಭಾನುವಾರ ಎರಡು ಗಂಟೆ ಮಾತ್ರ ಮಣ್ಣು ಕಾಣುವವರು. ಅಗಲ ಹ್ಯಾಂಡಲ್ ಆಟೋದ ಕನ್ನಡಿಗೆ ತಾಗುವುದೂ ಒಂದು ಅಳತೆಯೇ. ಹಾಗಾಗಿ ಸಂಖ್ಯೆಯನ್ನು ಓಡಿಸಿ ನೋಡಿಯೇ ಒಪ್ಪಬೇಕು. ಮತ್ತು ಅಗಲದ ಕಡೆಯಿಂದ ಕಿರಿದರ ಕಡೆಗೆ ಬರಬೇಕು. ತಿರುಗಿ ಹೋಗುವ ದಾರಿ ಇಲ್ಲ.

ಇದನ್ನು ಆಕೆಗೆ ಚೆನ್ನಾಗಿ ತಿಳಿಸಿದ್ದು ಒಬ್ಬ ಮೆಕ್ಯಾನಿಕ್. ವಿಜಯಪುರದ ಕಡೆಯವನು, ಪುಣೆಯಲ್ಲಿ ಹದಿನೈದು ವರ್ಷದಿಂದ ಇರುವವನು. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ಸ್ಪರ್ಧೆಯ ಹುಚ್ಚು ಮೊದಲಿನಿಂದಲೂ ಇದೆ; ಅವನೂ ಹುಡುಗನಾಗಿದ್ದಾಗ ಓಡಿಸಿದವನೇ. ಆಕೆ ಹೋಗಿ, 780 ಇದೆ, 700ಕ್ಕೆ ಕಡಿದುಕೊಡಿ ಎಂದಾಗ ಅವನು ಗರಗಸ ಮುಟ್ಟಲಿಲ್ಲ.

“ಅಕ್ಕಾರ, ಕಡಿಯೂದು ಐದ್ ಮಿನಿಟಿನ ಕೆಲಸ ನೋಡ್ರಿ. ಕಡದದ್ದು ಮತ್ತ ಹಚ್ಚಾಕ ಬರಂಗಿಲ್ಲ. ಮೊದಲ ಗ್ರಿಪ್ ಒಳಗ ಸರಿಸಿ ಕೊಡ್ತೀನಿ, ಮೈದಾನದಾಗ ಓಡಿಸಿ ನೋಡ್ರಿ. ಟೇಕಡಿಗೆ ಮಾತ್ರ ಹಿಂಗ ಒಯ್ಯಬ್ಯಾಡ್ರಿ.”

ಬ್ರೇಕ್ ಲಿವರು, ಗೇರಿನ ಲಿವರು, ಗ್ರಿಪ್ಪು ಎಲ್ಲವನ್ನೂ ಅಲೆನ್ ಕೀಯಿಂದ ಸಡಿಲಿಸಿ ಎರಡೂ ಕಡೆ 20 ಮಿಲಿಮೀಟರ್ ಒಳಕ್ಕೆ ಸರಿಸಿದ. ಈಗ ಅದು 740ರ ಹ್ಯಾಂಡಲ್ಲಿನಂತೆ, ತುದಿಗಳು ಮಾತ್ರ ಹೊರಗೆ ಚಾಚಿಕೊಂಡಿದ್ದವು. ಬೆಟ್ಟಕ್ಕೆ ಬೇಡ ಎಂದದ್ದು ಅದಕ್ಕೆ: ಬಿದ್ದರೆ ಬರಿಯ ಕೊಳವೆಯ ತುದಿ ಮೈಗೆ ಚುಚ್ಚುತ್ತದೆ. ಗ್ರಿಪ್ಪಿನ ಕೊನೆಯಲ್ಲಿರುವ ರಬ್ಬರ್ ಮುಚ್ಚಳ ಕಳೆದುಹೋದರೆ ಬಹಳ ಮಂದಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕೊಳವೆಯ ಅಂಚು ಚರ್ಮವನ್ನು ವೃತ್ತಾಕಾರದಲ್ಲಿ ಕತ್ತರಿಸಬಲ್ಲದು. ಮುಚ್ಚಳವಿಲ್ಲದೆ ಸೈಕಲ್ ಹತ್ತಬಾರದು.

ಮೈದಾನದಲ್ಲಿ 740 ಹಗುರ ಅನ್ನಿಸಿತು. ಅಷ್ಟಕ್ಕೆ ಕತ್ತರಿಸಿದರು. ಎರಡು ಭಾನುವಾರ ಟೇಕಡಿಯಲ್ಲಿ ಓಡಿಸಿದ ಮೇಲೆ 720ಕ್ಕೆ. ಮೈದಾನದಲ್ಲಿ 700 ಮಾಡಿ ನೋಡಿದಾಗ ಹ್ಯಾಂಡಲ್ ಚಂಚಲವಾಯಿತು, ಸಣ್ಣ ಅಲುಗಾಟಕ್ಕೂ ಚಕ್ರ ಓಲಾಡಿತು. ಕೊನೆಗೆ ನಿಂತದ್ದು 710ಕ್ಕೆ. ಸೂತ್ರ ಹೇಳಿದ್ದು 678, ದಂಡೆ ಹೇಳಿದ್ದು 700, ಬೆಟ್ಟ ಹೇಳಿದ್ದು 710. ಮೊದಲ ದಿನವೇ ಸೂತ್ರ ನಂಬಿ ಕತ್ತರಿಸಿದ್ದರೆ ಹೊಸ ಹ್ಯಾಂಡಲ್ ಕೊಳ್ಳಬೇಕಾಗುತ್ತಿತ್ತು.

ಕತ್ತರಿಸುವುದಕ್ಕೂ ಒಂದು ಕ್ರಮವಿದೆ. ಕಂಪನಿಯ ಪುಸ್ತಕದಲ್ಲಿ ಎಷ್ಟರವರೆಗೆ ಕತ್ತರಿಸಬಹುದು ಎಂದು ಇರುತ್ತದೆ. ಹಲವು ಹ್ಯಾಂಡಲ್ಲುಗಳ ತುದಿಯಲ್ಲಿ ಗೆರೆ ಹಾಕಿಯೇ ಕೊಟ್ಟಿರುತ್ತಾರೆ. ಎರಡೂ ಕಡೆ ಸಮನಾಗಿ ತೆಗೆಯಬೇಕು. ಒಂದೇ ಕಡೆ ತೆಗೆದರೆ ನಡು ತಪ್ಪುತ್ತದೆ. ಅಲ್ಯೂಮಿನಿಯಮ್ ಆದರೆ ಪೈಪ್ ಕಟರ್ ಅಥವಾ ಹ್ಯಾಕ್ಸಾ ಸಾಕು, ಕತ್ತರಿಸಿದ ಅಂಚನ್ನು ಒಳಗೂ ಹೊರಗೂ ಅರದಿಂದ ಉಜ್ಜಬೇಕು. ಕಾರ್ಬನ್ ಆದರೆ ಪೈಪ್ ಕಟರ್ ಮುಟ್ಟಿಸಲೇಬಾರದು. ಅದು ಒತ್ತಿ ಕತ್ತರಿಸುವ ಸಾಧನ, ಎಳೆಗಳು ಸೀಳಿಹೋಗುತ್ತವೆ. ಟೇಪು ಸುತ್ತಿ, ಸಣ್ಣ ಹಲ್ಲಿನ ಬ್ಲೇಡಿನಿಂದ ನಿಧಾನವಾಗಿ, ನೀರು ಚಿಮುಕಿಸುತ್ತ, ಮೂಗಿಗೆ ಮಾಸ್ಕ್ ಹಾಕಿಕೊಂಡು ಕತ್ತರಿಸಬೇಕು. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಅಗಲ ಬದಲಾದರೆ ಅದೊಂದೇ ಬದಲಾಗುವುದಿಲ್ಲ. ಕೈಗಳು ಹತ್ತಿರ ಬಂದಾಗ ಅದೇ ತೋಳು ಮುಂದಕ್ಕೆ ಹೆಚ್ಚು ದೂರ ಎಟುಕುತ್ತದೆ, ಮೈ ಸ್ವಲ್ಪ ನೆಟ್ಟಗಾಗುತ್ತದೆ. ಆಕೆಯ ಭುಜ, ತೋಳುಗಳ ಅಳತೆ ಇಟ್ಟುಕೊಂಡು ತ್ರಿಕೋನದ ಲೆಕ್ಕ ಹಾಕಿದರೆ, 780ರಿಂದ 710ಕ್ಕೆ ಬಂದಾಗ ಈ ವ್ಯತ್ಯಾಸ ಸುಮಾರು 1 ಸೆಂಟಿಮೀಟರ್. ಸೈಕಲ್ ಉದ್ದವಾಯಿತು ಅನ್ನಿಸುತ್ತಿದ್ದವರಿಗೆ ಇದು ಲಾಭ. ಮೊದಲೇ ಇಕ್ಕಟ್ಟಾಗಿ ಕೂತವರು 10 ಮಿಲಿಮೀಟರ್ ಉದ್ದದ ಸ್ಟೆಮ್ ಹಾಕಬೇಕಾಗಬಹುದು. ಬ್ರೇಕ್ ಲಿವರಿನ ಕೋನವನ್ನೂ ಮತ್ತೆ ಹೊಂದಿಸಬೇಕು. ಮುಂಗೈ, ಬೆರಳು ಒಂದೇ ಗೆರೆಯಲ್ಲಿದ್ದರೆ ಮಣಿಕಟ್ಟು ಬಾಗುವುದಿಲ್ಲ.

ಮುಖ್ಯವಾದ ಮಾತೆಂದರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹುಬ್ಬಳ್ಳಿಯವಳ ಹೆಗಲೆಲುಬಿನ ನಡುವಿನ ಉರಿ ಮೂರನೆಯ ವಾರಕ್ಕೆ ಹೋಯಿತು. ತಿರುವಿನಲ್ಲಿ ಇಳಿಯುವುದು ತಾನಾಗಿಯೇ ನಿಂತಿತು. ಕಿರುಬೆರಳಿನ ಜೋಮು ಮಾತ್ರ ಹೋಗಲಿಲ್ಲ. ಅದಕ್ಕೆ ಹ್ಯಾಂಡಲ್ಲಿನ ಅಗಲ ಕಾರಣವಾಗಿರಲಿಲ್ಲ. ಗ್ರಿಪ್ಪು ಆಕೆಯ ಅಂಗೈಗೆ ದಪ್ಪವಾಗಿತ್ತು, ತೆಳ್ಳನೆಯದು ಹಾಕಿದ ಮೇಲೆ ಸರಿಹೋಯಿತು. ಎಲ್ಲವನ್ನೂ ಒಂದೇ ದಿನ ಬದಲಿಸಿದ್ದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಬೆಲೆಯನ್ನೂ ತೆತ್ತಿದ್ದಾಳೆ. ಉರುಳುಗಲ್ಲಿನ ನೇರ ಇಳಿಜಾರಿನಲ್ಲಿ ಚಕ್ರ ಮೊದಲಿಗಿಂತ ಹೆಚ್ಚು ಅದುರುತ್ತದೆ, ಅಲ್ಲಿ ಸ್ವಲ್ಪ ನಿಧಾನವಾಗಬೇಕಾಗಿದೆ. ತಿರುವಿನಲ್ಲಿ ಸಿಕ್ಕಿದ್ದಕ್ಕೆ ಹೋಲಿಸಿದರೆ ಈ ಬೆಲೆ ಕಡಿಮೆ ಎಂಬುದು ಆಕೆಯ ಲೆಕ್ಕ. ಬೇರೆಯವರ ಲೆಕ್ಕ ಬೇರೆ ಇರಬಹುದು.

ಇದ್ದೂ ಇದೆ. ಅದೇ ಗುಂಪಿನಲ್ಲಿ ಆರಡಿ ಎರಡಂಗುಲದವರೊಬ್ಬರು ಹಳೆಯ ಸೈಕಲ್ಲಿನ 680ರ ಹ್ಯಾಂಡಲ್ಲಿನಲ್ಲೇ ವರ್ಷಗಟ್ಟಲೆ ಓಡಿಸುತ್ತಿದ್ದರು. ಇಳಿಜಾರಿನಲ್ಲಿ ಸೈಕಲ್ ನಡುಗುವುದಕ್ಕೆ ವಯಸ್ಸನ್ನು ದೂರುತ್ತಿದ್ದರು. ಹುಬ್ಬಳ್ಳಿಯವಳ ಕತ್ತರಿಸಾಟ ನೋಡಿ ಅವರೂ ನೆಲಕ್ಕೆ ಮಲಗಿ ಅಳತೆ ಮಾಡಿಸಿಕೊಂಡರು, ಬಂದದ್ದು 790. ಕತ್ತರಿಸಿದ್ದನ್ನು ಹಚ್ಚಲು ಬಾರದು, ಹೊಸದನ್ನು ಕೊಂಡರು. ಕಿರಿದು ಒಳ್ಳೆಯದು ಎಂಬುದು ಈ ಕಥೆಯ ನೀತಿಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ದುಡ್ಡಿನ ವಿಷಯದಲ್ಲಿ ಒಳ್ಳೆಯ ಬುದ್ಧಿವಾದ. ಮೈಯ ವಿಷಯದಲ್ಲಿ ಮೊದಲು ಕಾಲಿನ ಉದ್ದ ನೋಡಿ ಆಮೇಲೆ ಹಾಸಿಗೆ ಹೊಲಿಸುವುದು ಒಳ್ಳೆಯದು.

ಈಗ ಗುಂಪಿಗೆ ಹೊಸಬರು ಬಂದರೆ ನಿನ್ನದು ಎಷ್ಟು ಎಂದು ಆಕೆಯನ್ನು ಕೇಳುತ್ತಾರೆ. ಆಕೆ ಸಂಖ್ಯೆ ಹೇಳುವುದಿಲ್ಲ, ಚೀಲದಿಂದ ಟೇಪು ತೆಗೆಯುತ್ತಾಳೆ. ಹೋದ ತಿಂಗಳು ಬಂದ ಹದಿಮೂರು ವರ್ಷದ ಹುಡುಗಿಗೆ ಮಾತ್ರ ಏನು ಹೇಳುವುದೆಂದು ತಿಳಿಯಲಿಲ್ಲ. ಈಗ 660 ಸಾಕು. ಎರಡು ವರ್ಷದಲ್ಲಿ ಎಷ್ಟು ಬೆಳೆಯುತ್ತಾಳೋ ಯಾರು ಬಲ್ಲರು? ವಿಜಯಪುರದವನೇ ಉಪಾಯ ಹೇಳಿದ. ಕಂಪನಿಯ ಹ್ಯಾಂಡಲ್ ಹಾಗೆಯೇ ಬಿಚ್ಚಿ ಇಡುವುದು. ಅಗ್ಗದ ಅಲ್ಯೂಮಿನಿಯಮ್ ಹ್ಯಾಂಡಲ್ ಒಂದನ್ನು ತಂದು ಅದನ್ನು ಕತ್ತರಿಸುವುದು. ಹುಡುಗಿಯ ಅಪ್ಪ ಮೂಲ ಹ್ಯಾಂಡಲ್ಲನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ.